‘ಕಾನೂನುಬದ್ಧಗೊಳಿಸು’: ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಹೊರದೇಶಕ್ಕೆ ಓದಲು ಹೋಗುವವರಿಗಾಗಿ ಬರೆದ ಸೂಚನೆಯೊಂದು ಅನುವಾದಕ್ಕೆ ಬಂದಿತ್ತು. ಅದರಲ್ಲಿ ಒಂದು ಸಾಲು: ‘ನಿಮ್ಮ ಜನನ ಪ್ರಮಾಣಪತ್ರವನ್ನು ಲೀಗಲೈಸ್ ಮಾಡಿಸಿ’. ನಾನು ನಿಘಂಟು ತೆರೆದೆ, ಕಣ್ಣಿಗೆ ಬಿದ್ದ ಮೊದಲ ಅರ್ಥ ಎತ್ತಿಕೊಂಡೆ, ‘ಜನನ ಪ್ರಮಾಣಪತ್ರವನ್ನು ಕಾನೂನುಬದ್ಧಗೊಳಿಸಿ’ ಎಂದು ಬರೆದು ಮುಂದಕ್ಕೆ ತಳ್ಳಿದೆ. ಕರಡು ತಿದ್ದುತ್ತಿದ್ದ ಹಿರಿಯರು ತಲೆ ಎತ್ತಿ ಕೇಳಿದರು: ‘ಯಾಕಪ್ಪಾ, ಇವರು ಹುಟ್ಟಿದ್ದೇ ಕಾನೂನುಬಾಹಿರನಾ?’

ಈ ಕ್ರಿಯಾಪದ ಬಳಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ.

ಮೊದಲು: ಹಿಂದೆ ಏನಿತ್ತು ನೋಡಿ

ಕಾನೂನುಬದ್ಧಗೊಳಿಸು ಎಂದರೆ, ಕಾನೂನು ಬೇಡ ಎಂದಿದ್ದನ್ನು ಅದೇ ಕಾನೂನು ಈಗ ಆಗಲಿ ಎನ್ನುವಂತೆ ಮಾಡುವುದು. ಹಿಂದೆ ನಿಷೇಧ ಇರಬೇಕು, ಇಲ್ಲವೇ ಕಾನೂನಿನಲ್ಲಿ ಅದಕ್ಕೆ ಜಾಗವೇ ಇರಬಾರದು. ಎರಡೂ ಇಲ್ಲದ ಕಡೆ ಈ ಪದ ಹಾಕಿದರೆ, ಪಾಪ, ಏನೂ ತಪ್ಪು ಮಾಡದವರ ಮೇಲೂ ಅನುಮಾನ ಬರುತ್ತದೆ.

ನನ್ನ ಜನನ ಪ್ರಮಾಣಪತ್ರದ ಗತಿ ಆಗಿದ್ದು ಇದೇ. ಅಲ್ಲಿ ಲೀಗಲೈಸ್ ಎಂದರೆ ಬೇರೆಯೇ ಕೆಲಸ. ಒಂದು ದೇಶದ ಕಾಗದ ಇನ್ನೊಂದು ದೇಶದಲ್ಲಿ ನಡೆಯಬೇಕಾದರೆ, ಅದರ ಮೇಲಿನ ಸಹಿ, ಮೊಹರು ಅಸಲಿ, ಸಹಿ ಹಾಕಿದವರಿಗೆ ಆ ಅಧಿಕಾರ ಇತ್ತು ಎಂದು ಯಾರಾದರೂ ಹೇಳಬೇಕು. ಒಂದು ಕಚೇರಿಯ ಸಹಿಯನ್ನು ಅದರ ಮೇಲಿನ ಕಚೇರಿ ಒಪ್ಪಬೇಕು, ಅದನ್ನು ಇನ್ನೂ ಮೇಲಿನದು, ಕೊನೆಗೆ ಆ ದೇಶದ ರಾಯಭಾರ ಕಚೇರಿ. ಈ ಅಲೆದಾಟ ತಪ್ಪಿಸಲೆಂದೇ 1961ರಲ್ಲಿ ಹೇಗ್ ನಗರದಲ್ಲಿ ಒಂದು ಒಪ್ಪಂದ ಆಯಿತು. ಅದಕ್ಕೆ ಸೇರಿದ ದೇಶಗಳ ನಡುವೆ ಅಪೋಸ್ಟಿಲ್ ಎಂಬ ಒಂದೇ ಚೀಟಿ ಸಾಕು. ತಮಾಷೆ ಎಂದರೆ, ಆ ಚೀಟಿ ಕಾಗದದ ಒಳಗೆ ಬರೆದಿರುವುದು ನಿಜವೋ ಸುಳ್ಳೋ ಎಂದು ಹೇಳುವುದೇ ಇಲ್ಲ. ಸಹಿ, ಹುದ್ದೆ, ಮೊಹರು, ಅಷ್ಟೇ. ಹಾಗಾಗಿ ಇದಕ್ಕೆ ಕನ್ನಡದಲ್ಲಿ ‘ದೃಢೀಕರಿಸು’ ಸರಿ. ‘ಪ್ರಮಾಣಪತ್ರವನ್ನು ದೃಢೀಕರಣ ಮಾಡಿಸಿ’ ಎಂದು ತಿದ್ದಿದ ಮೇಲೆ ಹಿರಿಯರು ಸುಮ್ಮನಾದರು.

ಆಮೇಲೆ: ಶಿಕ್ಷೆ ಹೋಯಿತೋ, ಒಪ್ಪಿಗೆ ಬಂತೋ?

ಸುದ್ದಿ ಬರೆಯುವವರು ಹೆಚ್ಚು ಜಾರುವುದು ಇಲ್ಲೇ. ಪೋರ್ಚುಗಲ್ 2001ರಲ್ಲಿ ಮಾದಕ ವಸ್ತುಗಳನ್ನು ಕಾನೂನುಬದ್ಧಗೊಳಿಸಿತು ಎಂಬ ಸಾಲು ಎಷ್ಟು ಕಡೆ ಓದಿದ್ದೇನೋ ಲೆಕ್ಕವಿಲ್ಲ. ಅದು ತಪ್ಪು. ಅಲ್ಲಿ ಆಗಿದ್ದು ಇಷ್ಟು: ಸ್ವಂತ ಬಳಕೆಗೆಂದು ಹತ್ತು ದಿನಕ್ಕಾಗುವಷ್ಟು ಇಟ್ಟುಕೊಂಡು ಸಿಕ್ಕಿಬಿದ್ದರೆ ಅದು ಅಪರಾಧವಲ್ಲ ಎಂದಾಯಿತು. ಆದರೆ ನಿಷೇಧ ಹಾಗೇ ಇದೆ. ಸಿಕ್ಕಿಬಿದ್ದವರು ಕ್ರಿಮಿನಲ್ ಕೋರ್ಟಿನ ಬದಲು ಒಂದು ಸಮಿತಿಯ ಮುಂದೆ ಹೋಗುತ್ತಾರೆ. ಮಾರಿದರೆ ಈಗಲೂ ಅಪರಾಧವೇ. ಇದಕ್ಕೆ ‘ಅಪರಾಧಮುಕ್ತಗೊಳಿಸು’ ಎನ್ನಬೇಕು. ಪದ ಸ್ವಲ್ಪ ಉದ್ದ, ನಿಜ. ಬೇಡವೆಂದರೆ ‘ಇನ್ನು ಮುಂದೆ ಅಪರಾಧವಲ್ಲ’ ಎಂದು ಬಿಡಿಸಿಯೇ ಬರೆಯಬಹುದು.

ಕೆನಡಾದ್ದು ಬೇರೆ ಕಥೆ. 2018ರ ಅಕ್ಟೋಬರ್ 17ರಿಂದ ಅಲ್ಲಿ ವಯಸ್ಕರು ಗಾಂಜಾವನ್ನು ಪರವಾನಗಿ ಇರುವ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬಹುದು, 30 ಗ್ರಾಂವರೆಗೆ ಜೊತೆಯಲ್ಲಿಟ್ಟುಕೊಂಡು ಓಡಾಡಬಹುದು. ಬೆಳೆಯುವುದಕ್ಕೆ, ಮಾರುವುದಕ್ಕೆ, ತೆರಿಗೆಗೆ, ಎಲ್ಲಕ್ಕೂ ನಿಯಮ ಇದೆ. ಇದು ಕಾನೂನುಬದ್ಧಗೊಳಿಸಿದ್ದು. ‘ಬದ್ಧ’ ಎಂದರೆ ಕಟ್ಟಿದ್ದು, ಅಲ್ವಾ? ಕಟ್ಟು ಬಿಚ್ಚಿದ್ದಲ್ಲ, ಕಾನೂನಿನ ಗೂಟಕ್ಕೆ ಕಟ್ಟಿಹಾಕಿದ್ದು ಎಂದು ನೆನಪಿಟ್ಟರೆ ಗೊಂದಲ ಆಗುವುದಿಲ್ಲ.

ಸಕ್ರಮದ ಜೊತೆ ಬೆರೆಸಬೇಡಿ

ಕನ್ನಡದಲ್ಲಿ ‘ಸಕ್ರಮಗೊಳಿಸು’ ಎಂಬ ಸೊಗಸಾದ ಪದ ಇದೆ. ಅಕ್ರಮ–ಸಕ್ರಮ ಎಂಬ ಜೋಡಿ ಎಲ್ಲರ ಬಾಯಲ್ಲೂ ಓಡಾಡುತ್ತದೆ. ಎರಡು ಕ್ರಿಯಾಪದಗಳೂ ಒಂದೇ ಎಂದುಕೊಂಡವರು ಜಾಸ್ತಿ. ಆದರೆ ಒಂದು ಹಿಂದೆ ನೋಡುತ್ತದೆ, ಇನ್ನೊಂದು ಮುಂದೆ.

ಅನುಮತಿ ಇಲ್ಲದೆ ಒಂದು ಮಹಡಿ ಎಬ್ಬಿಸಿ ಆಗಿದೆ. ದಂಡ ಕಟ್ಟಿಸಿಕೊಂಡು, ಹೋಗಲಿ ಎಂದು ಅದನ್ನು ಒಪ್ಪುವುದು ಸಕ್ರಮ. ಆಗಿಹೋದ ಆ ಒಂದು ಮಹಡಿಗೆ ಮಾತ್ರ ಆ ಮಾಫಿ. ನಿಯಮ ಬದಲಾಗಿಲ್ಲ. ನಾಳೆ ಪಕ್ಕದವರು ಅದನ್ನೇ ಮಾಡಿದರೆ ಅದು ಮತ್ತೆ ಅಕ್ರಮ. ಕಾನೂನುಬದ್ಧಗೊಳಿಸಿದರೆ ನಿಯಮವೇ ಬದಲಾಗುತ್ತದೆ, ನಾಳೆ ಮಾಡುವವರೆಲ್ಲರಿಗೂ ದಾರಿ ತೆರೆಯುತ್ತದೆ. ಜಾಗ ಕಮ್ಮಿ ಎಂದು ‘ಗಾಂಜಾ ಸಕ್ರಮ’ ಎಂದು ತಲೆಬರಹ ಕೊಡುವುದು ನನಗಂತೂ ಹಿಡಿಸುವುದಿಲ್ಲ. ‘ಗಾಂಜಾಕ್ಕೆ ಕಾನೂನಿನ ಒಪ್ಪಿಗೆ’ ಎಂದರೆ ಉದ್ದ ಜಾಸ್ತಿ ಆಗುತ್ತದೆ, ಒಪ್ಪುತ್ತೇನೆ. ಆದರೂ ಅದೇ ಸರಿ.

ಇನ್ನು ‘ಶಾಸನಬದ್ಧ’ ಎಂದರೆ ಒಂದು ಶಾಸನದಿಂದಲೇ ಹುಟ್ಟಿದ್ದು, ಶಾಸನಬದ್ಧ ಮಂಡಳಿ ಎನ್ನುವ ಹಾಗೆ. ಅದನ್ನು ಇಲ್ಲಿಗೆ ಎಳೆದು ತರುವುದು ಬೇಡ. ಕಪ್ಪುಹಣವನ್ನು ಬಿಳಿ ಮಾಡುವುದೂ ಕಾನೂನುಬದ್ಧಗೊಳಿಸುವುದಲ್ಲ. ಹಣ ಹಾಗೇ ಇರುತ್ತದೆ, ಬಣ್ಣ ಬಳಿದಿರುತ್ತಾರೆ.

ಮಾಡಿದ್ದು ಯಾರು?

ಕಾನೂನು ಬದಲಿಸುವ ಶಕ್ತಿ ಇದ್ದವರು ಮಾತ್ರ ಈ ಕ್ರಿಯಾಪದದ ಕರ್ತೃ ಆಗಬಹುದು. ಸಂಸತ್ತು, ಕೆಲವೊಮ್ಮೆ ನ್ಯಾಯಾಲಯ, ಕೆಲವೊಮ್ಮೆ ಮತದಾರರೇ. ಸಲಿಂಗ ವಿವಾಹವನ್ನು ನೆದರ್ಲೆಂಡ್ಸ್‌ನಲ್ಲಿ ಸಂಸತ್ತು ಕಾನೂನುಬದ್ಧಗೊಳಿಸಿತು, 2001ರಲ್ಲಿ ಅದು ಜಾರಿಗೆ ಬಂತು. ಐರ್ಲೆಂಡಿನಲ್ಲಿ 2015ರ ಮೇ ತಿಂಗಳಲ್ಲಿ ಜನರೇ ಮತ ಹಾಕಿ ಒಪ್ಪಿದರು. ‘ಕಾನೂನುಬದ್ಧಗೊಳಿಸಲಾಯಿತು’ ಎಂದು ಬರೆದರೆ ಈ ವ್ಯತ್ಯಾಸವೇ ಮುಚ್ಚಿಹೋಗುತ್ತದೆ. ಮಾಡಿದವರ ಹೆಸರು ಗೊತ್ತಿದ್ದರೆ ‘ಗೊಳಿಸಿತು’, ‘ಗೊಳಿಸಿದರು’ ಎಂದೇ ಬರೆಯಿರಿ.

ಸಾಮಾನ್ಯ ಜನ ಕಾನೂನುಬದ್ಧಗೊಳಿಸುವುದಿಲ್ಲ, ಮಾಡಿಸಿಕೊಳ್ಳುತ್ತಾರೆ. ‘ನನ್ನ ಅಂಗಡಿಯನ್ನು ಕಾನೂನುಬದ್ಧಗೊಳಿಸಿದೆ’ ಎಂದು ಯಾರಾದರೂ ಹೇಳುವುದನ್ನು ಕೇಳಿದ್ದೀರಾ? ‘ಲೈಸೆನ್ಸ್ ಮಾಡಿಸಿಕೊಂಡೆ’ ಎನ್ನುತ್ತಾರೆ.

ಮಾತಿನಲ್ಲಿ ಈ ಉದ್ದದ ಪದ ಬರುವುದೇ ಅಪರೂಪ. ‘ಅಲ್ಲಿ ಅದು ಲೀಗಲ್ ಆಯ್ತಂತೆ’ ಎನ್ನುತ್ತೇವೆ. ತಮಾಷೆಗೂ ಲೀಗಲೈಸೇ ಬೇಕು: ‘ನಮ್ಮಮ್ಮ ಹತ್ತು ಗಂಟೆ ಮೇಲೂ ಮೊಬೈಲ್ ನೋಡೋದನ್ನ ಲೀಗಲೈಸ್ ಮಾಡಿದ್ರು, ರಜಾ ಮುಗಿಯೋವರೆಗೂ.’ ಇಲ್ಲಿ ‘ಕಾನೂನುಬದ್ಧಗೊಳಿಸಿದರು’ ಎಂದು ಹಾಕಿ ನೋಡಿ, ನಗು ಅಲ್ಲೇ ಸತ್ತುಹೋಗುತ್ತದೆ.