ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್: ಡಿಕ್ಕಿಯಿಂದ ಶುರುವಾಗುವ ನನ್ನ ತಪಾಸಣೆ

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದವರು ಸಾಮಾನ್ಯವಾಗಿ ಮೊದಲು ಬಾನೆಟ್ ಎತ್ತಿಸುತ್ತಾರೆ, ಇಂಜಿನ್ ಸದ್ದು ಕೇಳುತ್ತಾರೆ, ಒಂದು ಸುತ್ತು ಓಡಿಸಿ ಬಂದು ದರದ ಮಾತಿಗೆ ಕೂರುತ್ತಾರೆ. ನಾನು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇನೆ. ಡಿಕ್ಕಿಯಿಂದ, ಅಂದರೆ ಹಿಂಬದಿಯಲ್ಲಿ ಸಾಮಾನು ಇಡುವ ಜಾಗದಿಂದ, ಆರಂಭಿಸಿ ಮುಂದಕ್ಕೆ ಬರುತ್ತೇನೆ, ಇಂಜಿನ್ ತಣ್ಣಗಿರುವಾಗಲೇ ನೋಡಬೇಕಾದದ್ದನ್ನೆಲ್ಲ ನೋಡಿ ಮುಗಿಸುತ್ತೇನೆ, ಓಡಿಸುವುದನ್ನು ಕಟ್ಟಕಡೆಗೆ ಇಟ್ಟುಕೊಳ್ಳುತ್ತೇನೆ. ಪರಿಚಯದ ಮೆಕ್ಯಾನಿಕ್‌ಗಳು ಇದನ್ನು ಒಪ್ಪಿರಲಿಲ್ಲ; ಓಡಿಸದೆ ಗಾಡಿಯ ಗುಣ ತಿಳಿಯುವುದಿಲ್ಲ, ಒಂದೂವರೆ ಗಂಟೆ ಸುಮ್ಮನೆ ಕಳೆಯುತ್ತೀರಿ ಎಂಬುದು ಅವರ ವಾದವಾಗಿತ್ತು. ಈ ಕ್ರಮದಲ್ಲೇ ಆರಿಸಿಕೊಂಡ ಗಾಡಿ ನನ್ನ ಕೈಯಲ್ಲಿ ಈಗ ಹತ್ತಿರ ಹತ್ತಿರ 40,000 ಕಿ.ಮೀ. ಓಡಿದೆ, ಕೊಳ್ಳುವ ದಿನ ಚೀಟಿಯಲ್ಲಿ ಬರೆದುಕೊಂಡಿದ್ದ ಖರ್ಚುಗಳ ಹೊರತು ದೊಡ್ಡದೇನೂ ಬಂದಿಲ್ಲ. ಅಂದು ವಾದಿಸಿದವರಲ್ಲಿ ಒಬ್ಬರು ಇತ್ತೀಚೆಗೆ ತಮ್ಮ ಮಗಳಿಗೆ ಗಾಡಿ ನೋಡಲು ನನ್ನನ್ನೇ ಕರೆದುಕೊಂಡು ಹೋದರು.

ಹಿಂಬದಿಯಿಂದಲೇ ಏಕೆ ಎಂದರೆ, ಸಣ್ಣ ಹ್ಯಾಚ್‌ಬ್ಯಾಕ್‌ನಲ್ಲಿ ಹಿಂದಿನ ಬಂಪರ್‌ಗೂ ಸ್ಟೆಪ್ನಿ ಕೂರುವ ಗುಂಡಿಗೂ ನಡುವೆ ಅಂತರ ಬಹಳ ಕಡಿಮೆ, ಆದ್ದರಿಂದ ಹಿಂದಿನಿಂದ ಬಿದ್ದ ಗಟ್ಟಿ ಪೆಟ್ಟು ನೇರವಾಗಿ ಅಲ್ಲಿನ ತಗಡಿಗೇ ತಲುಪುತ್ತದೆ. ಬಂಪರ್ ಬದಲಿಸಿ ಹೊಸ ಬಣ್ಣ ಹೊಡೆಸುವವರು ಈ ಗುಂಡಿಯ ತಳದ ಸುಕ್ಕನ್ನು ಪೂರ್ತಿ ತೆಗೆಯುವುದು ಅಪರೂಪ. ಮ್ಯಾಟ್ ಎತ್ತಿ, ಸ್ಟೆಪ್ನಿಯನ್ನೇ ಹೊರಗೆ ತೆಗೆದು, ಟಾರ್ಚ್ ಹಾಕಿ ನೋಡಿ: ತಗಡಿನ ಸಂದು ಮುಚ್ಚಲು ಕಾರ್ಖಾನೆಯಲ್ಲಿ ಹಾಕಿದ ಸೀಲೆಂಟ್‌ನ ಗೆರೆ ಎಡಬಲ ಎರಡೂ ಕಡೆ ಒಂದೇ ರೀತಿ ಇರಬೇಕು, ತಗಡುಗಳನ್ನು ಬೆಸೆದ ಸ್ಪಾಟ್ ವೆಲ್ಡಿಂಗ್‌ನ ಚುಕ್ಕೆಗಳು ಸಮ ಅಂತರದಲ್ಲಿ ಕಾಣಬೇಕು. ಒಂದು ಪಕ್ಕದಲ್ಲಿ ಚುಕ್ಕೆಗಳೇ ಇಲ್ಲದೆ ದಪ್ಪನೆಯ ಸೀಲೆಂಟ್ ಬಳಿದಿದ್ದರೆ ನಾನು ಮುಂದಿನ ತಪಾಸಣೆಗೆ ಹೋಗುವುದಿಲ್ಲ.

ಅಲ್ಲಿಂದ ಹಿಂದಿನ ಟೈರುಗಳಿಗೆ ಬರುತ್ತೇನೆ. ಈ ವರ್ಗದ ಬಹುತೇಕ ಗಾಡಿಗಳ ಹಿಂಬದಿಯಲ್ಲಿ ಎರಡೂ ಚಕ್ರಗಳನ್ನು ಜೋಡಿಸುವ ಉಕ್ಕಿನ ತೊಲೆ, ಅಂದರೆ ಟ್ವಿಸ್ಟ್ ಬೀಮ್ ಇರುತ್ತದೆ, ಅದಕ್ಕೆ ಮುಂದಿನ ಚಕ್ರಗಳಿಗಿರುವಂತೆ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಪಡಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ರಸ್ತೆಯಂಚಿನ ಕಲ್ಲಿಗೆ ಜೋರಾಗಿ ಬಡಿದು ಬೀಮ್ ಬಾಗಿದರೆ ಅದರ ಲಕ್ಷಣ ಟೈರಿನ ಒಳ ಅಂಚಿನಲ್ಲಿ ಮೂಡುತ್ತದೆ. ಕಣ್ಣಿಗೆ ಕಾಣದ ಆ ಅಂಚಿನ ಮೇಲೆ ಅಂಗೈ ಇಟ್ಟು ಮೊದಲು ಒಂದು ದಿಕ್ಕಿಗೆ, ಬಳಿಕ ಇನ್ನೊಂದು ದಿಕ್ಕಿಗೆ ಸವರಬೇಕು. ಒಂದು ದಿಕ್ಕಿಗೆ ನುಣುಪಾಗಿ ಸರಿದು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ಕೈಗೆ ತಾಗಿದರೆ ವೀಲ್ ಅಲೈನ್‌ಮೆಂಟ್‌ನ ಅಳತೆಯನ್ನು ನೋಡದೆ ಮುಂಗಡ ಕೊಡಬಾರದು. ಒಮ್ಮೆ ಎಲ್ಲ ರೀತಿಯಲ್ಲೂ ಮೆಚ್ಚುಗೆಯಾಗಿದ್ದ ಗಾಡಿಯನ್ನು ಇದೊಂದೇ ಕಾರಣಕ್ಕೆ ನನ್ನ ಖರ್ಚಿನಲ್ಲಿ ಅಲೈನ್‌ಮೆಂಟ್‌ಗೆ ಹಾಕಿಸಿದೆ. ಹಿಂದಿನ ಎಡಚಕ್ರದ ಟೋ ಮಿತಿಯಿಂದ ಬಹಳ ಆಚೆಗಿತ್ತು. ಬೀಮ್ ಬದಲಿಸುವ ಅಂದಾಜು ಖರ್ಚು, ನೆನಪಿನಿಂದ ಹೇಳುವುದಾದರೆ, ಗಾಡಿಯ ದರದ ಹತ್ತನೇ ಒಂದು ಭಾಗದಷ್ಟಿತ್ತು. ನಾಲ್ಕೂ ಟೈರು ಹೊಚ್ಚಹೊಸದಾಗಿದ್ದರೆ ಹಲವರು ಸಂತೋಷಪಡುತ್ತಾರೆ, ಆದರೆ ನನಗೆ ಅದು ಅಳಿಸಿಹೋದ ಸಾಕ್ಷ್ಯ. ಅಂಥ ಗಾಡಿಗೆ ಅಲೈನ್‌ಮೆಂಟ್ ಅಳತೆ ಕಡ್ಡಾಯ. ಟೈರಿನ ಮೇಲಿನ ನಾಲ್ಕಂಕಿಯ ಸಂಖ್ಯೆ ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ: 2319 ಎಂದಿದ್ದರೆ 2019ರ 23ನೇ ವಾರ. ಸ್ಟೆಪ್ನಿಯ ಸಂಖ್ಯೆಯನ್ನೂ ಬರೆದುಕೊಳ್ಳಿ, ಏಕೆಂದರೆ ಅದು ಹೆಚ್ಚಾಗಿ ಗಾಡಿಯ ಜೊತೆಗೇ ಬಂದ ಟೈರು.

ತಗ್ಗು ಮುಚ್ಚಲು ಬಣ್ಣದ ಕೆಳಗೆ ಮೆತ್ತಿದ ಪುಟ್ಟಿಯನ್ನು ಪತ್ತೆ ಹಚ್ಚಲು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಹಳ ಕಾಲ ಬಳಸಿದೆ. ದಪ್ಪನೆಯ ಪುಟ್ಟಿಯ ಮೇಲೆ ಅದು ಅಂಟುವುದಿಲ್ಲ, ಅಲ್ಲಿಗೆ ಅಷ್ಟು ಸಾಕು; ತೆಳುವಾಗಿ ಎಳೆದ ಪುಟ್ಟಿಯ ಮೇಲೆ ಮಾತ್ರ ಸಲೀಸಾಗಿ ಅಂಟಿಕೊಂಡುಬಿಡುತ್ತದೆ. ಬಣ್ಣದ ದಪ್ಪ ಅಳೆಯುವ ಗೇಜ್ ಕೊಂಡ ಮೇಲೆ ಈ ತೊಂದರೆ ತಪ್ಪಿತು. ಕಾರ್ಖಾನೆಯ ಬಣ್ಣ ಸುಮಾರು 80ರಿಂದ 150 ಮೈಕ್ರಾನ್ ತೋರಿಸುತ್ತದೆ. 250 ದಾಟಿದರೆ ಮರುಬಣ್ಣ, 500ರ ಮೇಲೆ ಹೋದರೆ ಕೆಳಗೆ ಪುಟ್ಟಿಯಿದೆ ಎಂದೇ ನಾನು ಲೆಕ್ಕ ಹಿಡಿಯುತ್ತೇನೆ. ಬಾಗಿಲಿನ ಮರುಬಣ್ಣಕ್ಕೆ ನಾನು ಹೆದರುವುದಿಲ್ಲ, ಛಾವಣಿಯ ಅಥವಾ ಅದನ್ನು ಹೊರುವ ಕಂಬಗಳ ಮರುಬಣ್ಣಕ್ಕೆ ಹೆದರುತ್ತೇನೆ.

ನೀರಿನಲ್ಲಿ ಮುಳುಗಿದ ಗಾಡಿಯನ್ನು ವಾಸನೆಯಿಂದ ಹಿಡಿಯುವ ಪ್ರಯತ್ನ ಸುಗಂಧದ ಡಬ್ಬಿಗಳ ಮುಂದೆ ನಡೆಯಲಿಲ್ಲ. ಸೀಟ್ ಬೆಲ್ಟ್ ಹೆಚ್ಚು ನಂಬಿಕೆಗೆ ಅರ್ಹ. ನಾಲ್ಕೂ ಬೆಲ್ಟುಗಳನ್ನು ಕೊನೆಯವರೆಗೆ ಎಳೆದು ಹಿಡಿದರೆ, ದಿನಬಳಕೆಯಲ್ಲಿ ಹೊರಗೆ ಬಾರದ ಕೊನೆಯ ಗೇಣುದ್ದದಲ್ಲಿ ಕೆಸರುನೀರಿನ ಗೆರೆ ಉಳಿದಿರುತ್ತದೆ. ಬೆಲ್ಟಿನ ಬುಡದ ಚೀಟಿಯಲ್ಲಿ ತಯಾರಿಕೆಯ ದಿನಾಂಕವಿದ್ದರೆ ಅದನ್ನೂ ಹೋಲಿಸಿ. ಮುಂದಿನ ಎರಡು ಮಾತ್ರ ಹೊಸದಾಗಿದ್ದರೆ ಏರ್‌ಬ್ಯಾಗ್ ಬಿಚ್ಚಿಕೊಂಡ ಅಪಘಾತವಾಗಿತ್ತೇ ಎಂದು ನೇರವಾಗಿ ಕೇಳುತ್ತೇನೆ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ತಾನಾಗಿ ಆರಬೇಕು. ಹೊತ್ತದೇ ಇದ್ದರೂ, ಆಯಿಲ್ ದೀಪದೊಂದಿಗೆ ಅದೇ ಕ್ಷಣಕ್ಕೆ ಆರಿದರೂ ಯಾರೋ ವೈರಿಂಗ್‌ಗೆ ಕೈ ಹಾಕಿದ್ದಾರೆ ಎಂದೇ ನಾನು ಶಂಕಿಸುತ್ತೇನೆ.

ಕೋಲ್ಡ್ ಸ್ಟಾರ್ಟ್, ಅಂದರೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ ನೋಡುವ ವಿಷಯದಲ್ಲಿ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ಬಾನೆಟ್ ತೆರೆದು ಇಂಜಿನ್ ಮೇಲೆ ಕೈಯಿಟ್ಟಾಗ ಬಿಸಿ ತಾಗಿದರೆ, ಮರುದಿನ ಬೆಳಿಗ್ಗೆ ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ ಹಿಂತಿರುಗುತ್ತೇನೆ. ಟೈಮಿಂಗ್ ಚೈನಿನ ಗಲಗಲ ಸದ್ದು, ವಾಲ್ವ್ ಸೀಲ್ ಸವೆದು ಮೊದಲ ಕ್ಷಣಗಳಲ್ಲಿ ಬರುವ ನೀಲಿ ಹೊಗೆ, ಸೋತ ಬ್ಯಾಟರಿಯ ಏದುಸಿರು, ಇವೆಲ್ಲ ಬಿಸಿಯಾದ ಇಂಜಿನ್‌ನಲ್ಲಿ ಮರೆಯಾಗುತ್ತವೆ. ಮೂರು ಸಿಲಿಂಡರಿನ ಇಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಿರುವಾಗ) ಸ್ವಲ್ಪ ನಡುಗುವುದು ಸಹಜ. ಎಸಿ ಹಾಕಿದಾಗ ನಡುಕ ಸ್ಟೀರಿಂಗ್‌ವರೆಗೆ ಬಂದರೆ ಮೊದಲು ಇಂಜಿನ್ ಕೂರುವ ರಬ್ಬರ್ ಆಧಾರದ, ಅಂದರೆ ಮೌಂಟಿಂಗ್‌ನ ಖರ್ಚನ್ನು ಬರೆದುಕೊಳ್ಳುತ್ತೇನೆ.

ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿದಾಗ ದೋಷದ ಕೋಡ್ ಒಂದೂ ಕಾಣಲಿಲ್ಲ ಎಂದು ತೃಪ್ತರಾಗಬೇಡಿ, ಹೊಗೆ ನಿಯಂತ್ರಣದ ಭಾಗಗಳ ಸ್ವಯಂಪರೀಕ್ಷೆ ಮುಗಿದಿದೆಯೇ ಎಂದು ತೋರಿಸುವ ರೆಡಿನೆಸ್ ಮಾನಿಟರ್‌ಗಳ ಪುಟ ತೆರೆಯಿರಿ. ನನ್ನದೇ ಗಾಡಿಯಲ್ಲಿ ಕೋಡ್ ಅಳಿಸಿ ಪರೀಕ್ಷಿಸಿದಾಗ ಎಲ್ಲ ಮಾನಿಟರ್‌ಗಳು ಪೂರ್ಣಗೊಳ್ಳಲು ನೂರು ಕಿ.ಮೀ. ಮೀರಿದ ಓಡಾಟ ಬೇಕಾಯಿತು, ಹೊಗೆ ಶುದ್ಧಗೊಳಿಸುವ ಕ್ಯಾಟಲಿಸ್ಟ್‌ನದು ಎಲ್ಲಕ್ಕಿಂತ ಕೊನೆಗೆ ಮುಗಿಯಿತು. ದಿನವೂ ಓಡುವ ಗಾಡಿ ಎಂದು ಹೇಳುವವರ ಮಾನಿಟರ್‌ಗಳು ಅಪೂರ್ಣವಾಗಿದ್ದರೆ, ಇತ್ತೀಚೆಗೆ ಕೋಡ್ ಅಳಿಸಿರಬಹುದು ಅಥವಾ ಬ್ಯಾಟರಿ ಕಳಚಿರಬಹುದು. ಎರಡಕ್ಕೂ ಕಾರಣ ಕೇಳಲೇಬೇಕು. ಓಡಿದ ಕಿ.ಮೀ. ಕಡಿಮೆ ತೋರುವಂತೆ ತಿರುಗಿಸಿದ ಮೀಟರನ್ನು ಪತ್ತೆ ಮಾಡಲು ಪೆಡಲ್ ರಬ್ಬರ್ ಮತ್ತು ಸರ್ವಿಸ್ ದಾಖಲೆಗಳಲ್ಲದೆ ನನ್ನದೇ ಇನ್ನೊಂದು ವಿಧಾನವಿದೆ, ಮಾರುವವರೂ ಇದನ್ನು ಓದುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟಾದ ಮೇಲೆ ಓಡಿಸುವುದು ಹದಿನೈದು ಇಪ್ಪತ್ತು ನಿಮಿಷದ ಕೆಲಸ. ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಪ್ಲೇಟ್ ಮುಗಿದಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆದಾಗ ಕಟಕಟ ಎಂದರೆ ಆಕ್ಸಲ್ ಜಾಯಿಂಟ್ ಸವೆದಿದೆ.

ದರದ ಮಾತಿನಲ್ಲಿ ನಾನು ಸುಮ್ಮನೆ ಒಂದು ಮೊತ್ತ ಕಡಿಮೆ ಮಾಡಿ ಎಂದು ಕೇಳುವುದಿಲ್ಲ. ಕ್ಲಚ್, ಟೈರು, ಬ್ಯಾಟರಿ, ಸಸ್ಪೆನ್ಷನ್‌ನ ರಬ್ಬರ್ ಬುಷ್‌ಗಳೆಂದು ಮೊದಲ ವರ್ಷದಲ್ಲಿ ಬರುವ ಖರ್ಚನ್ನು ಬಿಡಿಬಿಡಿಯಾಗಿ ಬರೆದ ಚೀಟಿಯನ್ನೇ ಮಾರುವವರ ಮುಂದಿಡುತ್ತೇನೆ. ಕಳೆದ ಸಲ ಅದರ ಮೊತ್ತ ಹೇಳಿದ ದರದ ಶೇ. 15ರ ಆಸುಪಾಸಿನಲ್ಲಿತ್ತು. ಅವರು ಟೈರಿನ ಬಾಬತ್ತನ್ನು ಮಾತ್ರ ಒಪ್ಪಲಿಲ್ಲ, ನಾನು ಅದನ್ನು ಹೊಡೆದುಹಾಕಿದೆ, ಉಳಿದದ್ದನ್ನು ಕಳೆದ ದರಕ್ಕೇ ಗಾಡಿ ಕೈಗೆ ಬಂತು.