ಸ್ಕ್ರೀನಿನ ಗ್ಲೂಕೋಸ್ ಅಂಕಿಯನ್ನು ನಂಬುವ ಹಾಗೆ ಮಾಡಿದ್ದು: ನನ್ನ ಅನುಭವ

ಜುಲೈ ತಿಂಗಳು, ರಾತ್ರಿ ಹತ್ತೂವರೆ. ಮಂಗಳೂರಿನಲ್ಲಿ ಮೂರು ದಿನದಿಂದ ಬಿಡದ ಮಳೆ. ಜೀವಕೋಶಗಳನ್ನು, ಅಂದರೆ ಸೆಲ್‌ಗಳನ್ನು, ಬೆಳೆಸಿ ಔಷಧಿ ತಯಾರಿಸುವ ನಮ್ಮ ಘಟಕ ಇರುವುದು ಬಜ್ಪೆ ಕಡೆ, ನಾನು ಸುರತ್ಕಲ್ಲಿನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ನೈಟ್ ಶಿಫ್ಟಿನ ಹುಡುಗನ ಫೋನ್ ಬಂತು.

"ಸರ್, ಸ್ಕ್ರೀನಿನಲ್ಲಿ ಗ್ಲೂಕೋಸ್ ನಾಲ್ಕು ಉಂಟು. ನಾನು ಸ್ಯಾಂಪಲ್ ತೆಗೆದು ನೋಡಿದರೆ ಸೊನ್ನೆ ಪಾಯಿಂಟ್ ಎಂಟು. ಎಂತ ಮಾಡುವುದು?"

ಇನ್ನೊಂದು ಸ್ಯಾಂಪಲ್ ತೆಗೆಯಲು ಹೇಳಿದೆ. ಅದೂ 0.8. ಹೊರಟು ಹೋದೆ. ಹಿಂದಿನ ರಾತ್ರಿ ಫೀಡ್ ಬ್ಯಾಗ್ ಬದಲಿಸಿದಾಗ ಟ್ಯೂಬು ಕ್ಲಾಂಪಿನ ಕೆಳಗೆ ಮಡಚಿಕೊಂಡಿತ್ತು. ಪಂಪು ತಿರುಗುತ್ತಿತ್ತು, ಆದರೆ ಸುಮಾರು 20 ಗಂಟೆಯಿಂದ ಸೆಲ್‌ಗಳಿಗೆ ಊಟವೇ ಹೋಗಿರಲಿಲ್ಲ. ಇಷ್ಟಾದರೂ ಸ್ಕ್ರೀನ್ ಮಾತ್ರ ನಾಲ್ಕು, ನಾಲ್ಕು ಎಂದು ತೋರಿಸುತ್ತಲೇ ಇತ್ತು. ಆ ಅಂಕಿಯನ್ನು ನಂಬಿ ದಿನಕ್ಕೆ ಎರಡು ಸಲ ತೆಗೆಯುತ್ತಿದ್ದ ಸ್ಯಾಂಪಲನ್ನು ಒಂದಕ್ಕೆ ಇಳಿಸಿದ್ದು ನಾನೇ, ಹಾಗಾಗಿ ಅದು ಏಕೆ ಹೀಗಾಯಿತು ಎಂದು ತಿಳಿಯುವವರೆಗೆ ನನಗೆ ಸಮಾಧಾನ ಇರಲಿಲ್ಲ.

ಈ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಾವು ಬೆಳೆಸುವುದು ಚೋ ಸೆಲ್. ಚೀನೀ ಹ್ಯಾಮ್‌ಸ್ಟರ್ ಎಂಬ ಸಣ್ಣ ಪ್ರಾಣಿಯ ಅಂಡಾಶಯದಿಂದ 1957ರಲ್ಲಿ ಬೇರ್ಪಡಿಸಿದ ಸೆಲ್‌ಗಳ ವಂಶ ಅದು. ಇವತ್ತಿನ ಎಷ್ಟೋ ಆಂಟಿಬಾಡಿ ಎಂಬ ಪ್ರೋಟೀನಿನ ಔಷಧಿಗಳು ಇದರಲ್ಲೇ ತಯಾರಾಗುತ್ತವೆ. ರಿಯಾಕ್ಟರಿನಲ್ಲಿ, ಅಂದರೆ ಸೆಲ್ ಬೆಳೆಸುವ ಪಾತ್ರೆಯಲ್ಲಿ, ಒಂದು ಬ್ಯಾಚ್ ಸುಮಾರು 14 ದಿನ. ಗ್ಲೂಕೋಸ್ ಕಡಿಮೆಯಾದರೆ ಸೆಲ್ ಸೊರಗುತ್ತದೆ, ಆಂಟಿಬಾಡಿಯ ಮೇಲೆ ಕೂರುವ ಸಕ್ಕರೆಯ ಸರಪಳಿಯೂ ಬದಲಾಗಬಹುದು. ಜಾಸ್ತಿಯಾದರೆ ಸೆಲ್ ಹೊರಗೆ ಬಿಡುವ ಲ್ಯಾಕ್ಟೇಟ್ ಎಂಬ ಕಸ ಏರುತ್ತದೆ, ಗ್ಲೂಕೋಸ್ ಸುಮ್ನೆ ಹೋಗಿ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ನಮ್ಮ ಗುರಿ ಲೀಟರಿಗೆ 4 ಗ್ರಾಂ. ಮನೆಯ ಶುಗರ್ ಮಿಷನ್ನಿನ ಲೆಕ್ಕದಲ್ಲಿ ಅದು 400. ಮನುಷ್ಯರಿಗಾದರೆ ಆಸ್ಪತ್ರೆಗೆ ಓಡಬೇಕು, ಈ ಸೆಲ್‌ಗಳಿಗೆ ಅದು ಹದವಾದ ಊಟ.

ಗ್ಲೂಕೋಸನ್ನು ಒಳಗಿಂದಲೇ ಅಳೆಯಲು ನಾವು ರಾಮನ್ ಪ್ರೋಬ್, ಅಂದರೆ ಬೆಳಕಿನಿಂದ ಅಳೆಯುವ ಒಂದು ಸಾಧನ, ಹಾಕಿದ್ದೆವು. 1921ರಲ್ಲಿ ಹಡಗಿನಲ್ಲಿ ಬರುತ್ತಾ ಸಮುದ್ರ ಏಕೆ ನೀಲಿ ಎಂದು ಯೋಚಿಸಿದ ಸಿ.ವಿ. ರಾಮನ್, 1928ರಲ್ಲಿ ಕಂಡುಹಿಡಿದ ಬೆಳಕಿನ ಗುಣವೇ ಇದಕ್ಕೆ ಆಧಾರ. ದಿನಾ ಪಣಂಬೂರಿನ ಕಡಲ ಪಕ್ಕದಿಂದ ಹಾದು ಕೆಲಸಕ್ಕೆ ಹೋಗುವ ನನಗೆ ಇದು ಆಗಾಗ ನೆನಪಾಗುತ್ತದೆ. 785 ನ್ಯಾನೋಮೀಟರಿನ ಲೇಸರ್ ಬಿಟ್ಟರೆ ಅದರಲ್ಲಿ ತೀರಾ ಸ್ವಲ್ಪ ಬೆಳಕು ಬಣ್ಣ ಬದಲಿಸಿಕೊಂಡು ವಾಪಸ್ ಬರುತ್ತದೆ. ಒಂದೊಂದು ಅಣುವಿನದೂ ಒಂದೊಂದು ಗುರುತು. ಇನ್‌ಫ್ರಾರೆಡ್ ಬೆಳಕನ್ನು ನೀರು ನುಂಗಿಬಿಡುತ್ತದೆ, ರಾಮನ್‌ನಲ್ಲಿ ನೀರಿನ ಗದ್ದಲ ಕಡಿಮೆ, ಅದಕ್ಕೇ ನಮ್ಮ ಕೆಲಸಕ್ಕೆ ಇದು ಒಳ್ಳೆಯದು. ಬರುವ ಬೆಳಕು ಅಷ್ಟು ಕ್ಷೀಣ ಇರುವುದರಿಂದ ಎಷ್ಟೋ ಸ್ಕ್ಯಾನ್‌ಗಳ ಸರಾಸರಿ ತೆಗೆಯಬೇಕು. ನಮಗೆ ಒಂದು ಅಂಕಿ ಸಿಗಲು 15 ನಿಮಿಷ ಬೇಕು. ಸೆಲ್ ಎರಡಾಗಲು ಹೆಚ್ಚುಕಮ್ಮಿ ಒಂದು ದಿನ ಹಿಡಿಯುತ್ತದೆ, ಹಾಗಾಗಿ ಇದು ಧಾರಾಳ ಸಾಕು.

ಆದರೆ ಪ್ರೋಬ್ ಗ್ಲೂಕೋಸನ್ನು ನೇರವಾಗಿ ಹೇಳುವುದಿಲ್ಲ. ಅದು ಕೊಡುವುದು ಗ್ರಾಫಿನಂಥ ಒಂದು ಗೆರೆ ಮಾತ್ರ, ಅದನ್ನು ಅಂಕಿಯಾಗಿ ಮಾಡುವುದು ನಾವು ಕಟ್ಟಿದ ಮಾಡೆಲ್, ಅಂದರೆ ಹಳೆಯ ಬ್ಯಾಚ್‌ಗಳ ಮಾಹಿತಿಯಿಂದ ಕಲಿತ ಲೆಕ್ಕದ ಸೂತ್ರ. ತಪ್ಪು ಅಲ್ಲಿತ್ತು.

ನಾವು ಐದು ಬ್ಯಾಚ್‌ಗಳ ಮಾಹಿತಿಯಿಂದ ಮಾಡೆಲ್ ಕಟ್ಟಿದ್ದೆವು. ಐದೂ ಒಳ್ಳೆಯ ಬ್ಯಾಚ್, ಒಂದೇ ಮೀಡಿಯಾ (ಸೆಲ್ ಬೆಳೆಯುವ ದ್ರವ), ಒಂದೇ ಫೀಡ್, ಗ್ಲೂಕೋಸ್ ಏರಿಳಿತ ಎಲ್ಲದರಲ್ಲೂ ಒಂದೇ ತರಹ. ಇದು ಹೆಮ್ಮೆಯ ವಿಷಯ ಎಂದುಕೊಂಡಿದ್ದೆವು. ದಿನ ಕಳೆದ ಹಾಗೆ ಲ್ಯಾಕ್ಟೇಟ್ ಬದಲಾಗುತ್ತದೆ, ಲೇಸರ್ ಬಿದ್ದಾಗ ಮೀಡಿಯಾ ತಾನೇ ಹೊಳೆಯುವುದೂ ಜಾಸ್ತಿಯಾಗಿ ಗೆರೆಯ ತಳವೇ ಮೇಲೇರುತ್ತದೆ. ಮಾಡೆಲ್ ಕಲಿತದ್ದು ಅದನ್ನೇ. ಹನ್ನೊಂದನೇ ದಿನ ಎಂದರೆ ನಾಲ್ಕು ಇರಬೇಕು, ಸರಿ, ನಾಲ್ಕು! ದಿನಾ ಬರುವ ಎಕ್ಸ್‌ಪ್ರೆಸ್ ಬಸ್ಸು ನೋಡಿ ಗಂಟೆ ಹೇಳುವವರ ಹಾಗೆ, ಬಸ್ಸು ತಡವಾದ ದಿನ ಗಂಟೆಯೂ ತಪ್ಪುತ್ತದೆ, ಅಲ್ವಾ? ಮಾಡೆಲ್ ಯಾವ ಭಾಗಕ್ಕೆ ಎಷ್ಟು ತೂಕ ಕೊಟ್ಟಿದೆ ಎಂದು ಬಿಡಿಸಿ ನೋಡಿದಾಗ, ಗೆರೆಯ ಮೇಲೆ ಗ್ಲೂಕೋಸಿನ ಗುರುತು ಇರಬೇಕಾದ ಜಾಗದಲ್ಲಿ, ಅಂದರೆ ರಾಮನ್ ಅಳತೆಯ 1125ರ ಆಸುಪಾಸಿನಲ್ಲಿ, ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಇದನ್ನು ಮೊದಲ ದಿನವೇ ನೋಡಬೇಕಿತ್ತು.

ಮುಂದಿನ ಎರಡು ತಿಂಗಳು ನಾವು ಬೇಕೆಂದೇ ಬ್ಯಾಚ್ ಕೆಡಿಸಿದೆವು, ಮೂರು ಲೀಟರಿನ ಸಣ್ಣ ಪಾತ್ರೆಗಳಲ್ಲಿ. ಒಂದನ್ನು ಉಪವಾಸ ಕೆಡವಿದೆವು. ಇನ್ನೊಂದಕ್ಕೆ ಅತಿಯಾಗಿ ಉಣಿಸಿದೆವು. ಬೇರೆ ಬೇರೆ ದಿನದ ಸ್ಯಾಂಪಲ್ ತೆಗೆದು, ಭಾಗ ಮಾಡಿ, ಒಂದಕ್ಕೆ ಗ್ಲೂಕೋಸ್ ಮಾತ್ರ, ಇನ್ನೊಂದಕ್ಕೆ ಲ್ಯಾಕ್ಟೇಟ್ ಮಾತ್ರ ಸೇರಿಸಿ ಓದಿಸಿದೆವು. ಗ್ಲೂಕೋಸಿಗೂ ದಿನಕ್ಕೂ ಇದ್ದ ನಂಟು ಹೀಗೆ ಕಡಿಯಿತು. ಪರೀಕ್ಷೆಯ ರೀತಿಯನ್ನೂ ಬದಲಿಸಿದೆವು. ಮೊದಲು ಎಲ್ಲ ಬ್ಯಾಚಿನಿಂದ ಅಲ್ಲೊಂದು ಇಲ್ಲೊಂದು ಸ್ಯಾಂಪಲ್ ಎತ್ತಿಟ್ಟು ಪರೀಕ್ಷಿಸುತ್ತಿದ್ದೆವು, ಹಾಗೆ ಮಾಡಿದರೆ ಮಾಡೆಲ್ ಯಾವಾಗಲೂ ಪಾಸ್. ಈಗ ಒಂದು ಇಡೀ ಬ್ಯಾಚನ್ನು ಮಾಡೆಲಿನ ಕಣ್ಣಿಗೆ ಬೀಳದ ಹಾಗೆ ಇಟ್ಟು, ಕೊನೆಗೆ ಅದರ ಮೇಲೆ ನೋಡುತ್ತೇವೆ. ಈ ಕೆಲಸ ಶುರು ಮಾಡುವವರಿಗೆ ನಾನು ಹೇಳುವ ಮೊದಲ ಮಾತು ಇದು.

ಇನ್ನು ಕೆಲವು ಸಣ್ಣ ಸಂಗತಿಗಳು, ಆದರೆ ನಮ್ಮನ್ನು ಬಹಳ ಸತಾಯಿಸಿದವು. ಗಾಜಿನ ಪಾತ್ರೆಗೆ ಕೋಣೆಯ ಟ್ಯೂಬ್‌ಲೈಟಿನ ಬೆಳಕು ನುಗ್ಗಿ ಗೆರೆಯಲ್ಲಿ ಇಲ್ಲದ ಮೊನೆಗಳು ಏಳುತ್ತಿದ್ದವು, ಪಾತ್ರೆಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಮೇಲೆ ಕಪ್ಪು ಬಟ್ಟೆ ಹೊದಿಸಿದೆವು. ಪ್ರೋಬಿನ ತುದಿ ಗಾಳಿಗುಳ್ಳೆ ಏಳುವ ಜಾಗಕ್ಕೆ ಹತ್ತಿರ ಇರಬಾರದು. ಮಳೆಗಾಲದಲ್ಲಿ ಕರೆಂಟು ಹೋಗಿ ಜನರೇಟರ್ ಹಿಡಿಯುವ ಆ ಕೆಲವು ಸೆಕೆಂಡು ಲೇಸರಿಗೆ ಆಗಿಬರುವುದಿಲ್ಲ, ಯುಪಿಎಸ್ ಕೊಡಲೇಬೇಕು, ಮತ್ತೆ ಆನ್ ಮಾಡಿದ ಮೇಲೆ ಲೇಸರ್ ಬಿಸಿಯಾಗಿ ನಿಲ್ಲುವವರೆಗಿನ ಅಂಕಿ ನಂಬಬಾರದು.

ಜೊತೆಗೆ ಒಂದು ಕಾವಲು ಸೇರಿಸಿದೆವು. ಬದುಕಿರುವ ಸೆಲ್‌ಗಳನ್ನು ಅಳೆಯುವ ಕೆಪ್ಯಾಸಿಟೆನ್ಸ್ ಪ್ರೋಬ್ ನಮ್ಮಲ್ಲಿ ಮೊದಲೇ ಇತ್ತು. ಬದುಕಿದ ಸೆಲ್ಲಿನ ಪೊರೆ ಸಣ್ಣ ಕೆಪಾಸಿಟರಿನ ಹಾಗೆ ಚಾರ್ಜ್ ಹಿಡಿಯುತ್ತದೆ, ಸತ್ತು ಪೊರೆ ಒಡೆದದ್ದು ಹಿಡಿಯುವುದಿಲ್ಲ. ಸೆಲ್ ಎಷ್ಟಿದೆ, ಫೀಡ್ ಬ್ಯಾಗಿನ ತೂಕ ಎಷ್ಟು ಇಳಿದಿದೆ ಎಂದು ಗೊತ್ತಿದ್ದರೆ ಗ್ಲೂಕೋಸ್ ಎಷ್ಟಿರಬೇಕು ಎಂದು ಲೆಕ್ಕ ಹಾಕಬಹುದು. ರಾಮನ್ ಅಂಕಿಗೂ ಈ ಲೆಕ್ಕಕ್ಕೂ 1 ಗ್ರಾಂಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಅಲಾರಾಂ.

ಅಕ್ಟೋಬರಿನಲ್ಲಿ ಒಂದು ಟ್ರಯಲ್ ಬ್ಯಾಚ್ ಹಾಕಿದೆವು. ಒಂಬತ್ತನೇ ದಿನ ಬೆಳಿಗ್ಗೆ, ಅದೇ ಹುಡುಗನ ಕೈಯಲ್ಲಿ ಫೀಡ್ ಟ್ಯೂಬಿಗೆ ಕ್ಲಾಂಪ್ ಹಾಕಿಸಿದೆ. ಸ್ಕ್ರೀನಿನ ಮುಂದೆ ಕೂತೆವು. 4.1, 4.0, 3.9... ಮಧ್ಯಾಹ್ನದ ಹೊತ್ತಿಗೆ 3.3. ಸ್ಯಾಂಪಲ್ ತೆಗೆದು ನೋಡಿದರೆ 3.2. ಅವನ ಮುಖ ಅರಳಿತು. "ಈಗ ಇದು ಸರಿ ಹೇಳ್ತದೆ ಸರ್" ಎಂದ. ಕ್ಲಾಂಪ್ ತೆಗೆಸಿದೆ.

ಫೀಡ್ ಅಥವಾ ಸೆಲ್ಲಿನ ವಂಶ ಬದಲಾದಾಗ ಮಾಡೆಲನ್ನು ಮತ್ತೆ ಪರೀಕ್ಷೆಗೆ ಒಡ್ಡುತ್ತೇವೆ. ಸ್ಯಾಂಪಲ್ ಈಗ ದಿನಕ್ಕೆ ಎರಡು, ಬೆಳಿಗ್ಗೆ ಒಂದು ರಾತ್ರಿ ಒಂದು.