ಮನೆಗೂ ಕಸುಬಿಗೂ ಒಂದೇ ವ್ಯಾನು: ಅಳೆದು ತೂಗಿ ಆರಿಸಿದ ನನ್ನ ಅನುಭವ

ಮನೆಯ ಆರು ಮಂದಿ ಆರಾಮವಾಗಿ ಕೂರಬೇಕು, ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ನನ್ನ ಕಸುಬಿನ ಸಾಮಾನೂ ಅದೇ ಗಾಡಿಯಲ್ಲಿ ಹೋಗಬೇಕು. ಈ ಎರಡಕ್ಕೂ ಒಂದೇ ಸೆಕೆಂಡ್ ಹ್ಯಾಂಡ್ ವಾಹನ ಸಾಕು ಎಂದು ನಾನು ಹೇಳಿದಾಗ ನಂಬಿದವರು ಕಡಿಮೆ. ಸಾಮಾನಿಗೆ ಬೇರೆ ಗಾಡಿ ಬಾಡಿಗೆಗೆ ಹಿಡಿಯುವುದೇ ಲೇಸೆಂದು ಭಾವನವರು ಹೇಳಿದರು. ಕಡಿಮೆ ಕಿಲೋಮೀಟರ್ ಓಡಿರುವ ಏಳು ಸೀಟಿನ ಗಾಡಿಯೊಂದನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಿ ಎಂದು ನಮ್ಮ ಮೆಕ್ಯಾನಿಕ್ ಹೇಳಿದರು. ನಾನು ಮಾದರಿಯ ಹೆಸರು, ತಯಾರಾದ ವರ್ಷ, ಓಡೋಮೀಟರ್ ಮೂರನ್ನೂ ಬದಿಗಿಟ್ಟು, ಮೊದಲು ನನ್ನ ಸಾಮಾನನ್ನು ಅಳೆದು ತೂಗಿ, ಆ ಅಂಕಿಗಳಿಗೆ ಹೊಂದುವ ಗಾಡಿಯನ್ನು ಹುಡುಕಿದೆ. ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಆ ವ್ಯಾನು ಎರಡೂ ಕೆಲಸವನ್ನು ಮಾಡುತ್ತಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಬಾನೆಟ್ ತೆರೆದು ಎಲ್ಲರೂ ಮಾಡುವ ಪರೀಕ್ಷೆಗಳನ್ನು ಇಲ್ಲಿ ವಿವರಿಸುವುದಿಲ್ಲ.

ದಪ್ಪ ದನಿ ಹೊರಡಿಸುವ ದೊಡ್ಡ ಸ್ಪೀಕರ್‌ಗಳು, ಅಂದರೆ ನನ್ನ ಬಾಸ್ ಪೆಟ್ಟಿಗೆಗಳು, ನಾಲ್ಕು. ಒಂದೊಂದೂ ಸುಮಾರು 60 ಸೆಂಟಿಮೀಟರ್ ಅಗಲ, 75 ಎತ್ತರ, 45 ಕೆಜಿ ತೂಕ. ಆಂಪ್ಲಿಫೈಯರ್ ರ‍್ಯಾಕು, ಸ್ಟ್ಯಾಂಡು, ಕೇಬಲ್ಲು ಸೇರಿದರೆ ಒಟ್ಟು 320 ಕೆಜಿ ಆಸುಪಾಸು. ಹಳೆಯ ರಟ್ಟುಗಳನ್ನು ಕತ್ತರಿಸಿ, ಎರಡು ಪೆಟ್ಟಿಗೆ ಪಕ್ಕಪಕ್ಕ ನಿಂತಾಗಿನ ಅಳತೆಗೆ ಒಂದು ಚೌಕಟ್ಟು ಮಾಡಿ, ಗಾಡಿ ನೋಡಲು ಹೋದಲ್ಲೆಲ್ಲ ಅದನ್ನು ಹೊತ್ತೊಯ್ದೆ. ಮಾರುವವರಿಗೆ ಇದು ವಿಚಿತ್ರವಾಗಿ ಕಂಡರೂ, ಎಂಜಿನ್ ಶುರು ಮಾಡುವ ಮೊದಲೇ ಅರ್ಧಕ್ಕರ್ಧ ಗಾಡಿಗಳನ್ನು ಆ ರಟ್ಟೇ ತಳ್ಳಿಹಾಕಿತು. ಪರಿಚಯ ಪುಸ್ತಿಕೆಯಲ್ಲಿ ಕೊಡುವ ಲೀಟರ್ ಲೆಕ್ಕ ಚಾವಣಿಯವರೆಗಿನ ಮೂಲೆ ಮುಡುಕುಗಳನ್ನೂ ಸೇರಿಸಿದ್ದಾಗಿರಬಹುದಾದ್ದರಿಂದ ಪೆಟ್ಟಿಗೆ ಹೇರುವವನಿಗೆ ಅದರಿಂದ ಪ್ರಯೋಜನವಿಲ್ಲ. ನನಗೆ ಬೇಕಾದದ್ದು ಎರಡೇ ಅಳತೆ: ಹಿಂಚಕ್ರದ ಉಬ್ಬುಗಳ ನಡುವಿನ ಅಗಲ ಮತ್ತು ಹಿಂಬಾಗಿಲು ತೆರೆದಾಗಿನ ಬಾಯಿಯ ಎತ್ತರ. ನೋಡಲು ಬಹಳ ವಿಶಾಲವಾಗಿದ್ದ ಒಂದು ಗಾಡಿಯಲ್ಲಿ ಉಬ್ಬುಗಳ ನಡುವೆ 110 ಸೆಂಟಿಮೀಟರ್ ಕೂಡ ಇರಲಿಲ್ಲ. ಇನ್ನೊಂದರಲ್ಲಿ ಒಳಗಿನ ಎತ್ತರ ಬೇಕಾದಷ್ಟಿದ್ದರೂ ಬಾಗಿಲಿನ ಬಾಯಿ ಅದಕ್ಕಿಂತ ಒಂದು ಗೇಣು ಕಡಿಮೆ ಇತ್ತು.

ಅಳತೆಗಿಂತ ದೊಡ್ಡ ವಿಷಯ ತೂಕ. ಏಳು ಸೀಟು ಇದೆ ಎಂದ ಮಾತ್ರಕ್ಕೆ ಏಳು ದೊಡ್ಡವರನ್ನೂ ಅವರ ಸಾಮಾನನ್ನೂ ಹೊರುವ ಶಕ್ತಿ ಇದೆ ಎಂದು ತಿಳಿಯಬಾರದು. ಬಾಗಿಲ ಕಂಬದ ಮೇಲೋ ಬಾನೆಟ್ ಒಳಗೋ ಇರುವ ತಗಡಿನಲ್ಲಿ ಗಾಡಿಯ ಗರಿಷ್ಠ ಒಟ್ಟು ತೂಕವೂ ಮುಂದಿನ ಮತ್ತು ಹಿಂದಿನ ಚಕ್ರಜೋಡಿಗಳ ಎರಡು ಆಕ್ಸಲ್‌ಗಳ ಮಿತಿಯೂ ಸಾಮಾನ್ಯವಾಗಿ ಕೊರೆದಿರುತ್ತವೆ. ಅದರಿಂದ ಖಾಲಿ ತೂಕವನ್ನು ಕಳೆದರೆ ಉಳಿಯುವುದೇ ನಮ್ಮ ಪಾಲು. ಕೆಲವು ಕಡೆ ಚಾಲಕನ 75 ಕೆಜಿಯನ್ನು ಖಾಲಿ ತೂಕದಲ್ಲೇ ಸೇರಿಸಿರುತ್ತಾರೆ, ಕೆಲವು ಕಡೆ ಸೇರಿಸಿರುವುದಿಲ್ಲ. ಹೀಗಾಗಿ ಕಾಗದದ ಲೆಕ್ಕವನ್ನು ನಂಬದೆ, ಇಷ್ಟವಾದ ಗಾಡಿಯನ್ನು ಟ್ಯಾಂಕ್ ತುಂಬಿಸಿ, ಇಡೀ ಗಾಡಿಯನ್ನು ತೂಗುವ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದೆ. ಮೆಕ್ಯಾನಿಕ್ ಹೇಳಿದ್ದ ಏಳು ಸೀಟಿನ ಗಾಡಿಯ ಮಿತಿ ಸುಮಾರು 2,350 ಕೆಜಿ, ಖಾಲಿ ತೂಕ 1,850ರ ಹತ್ತಿರ. ಚಾಲಕನೂ ಸೇರಿ ನಾಲ್ವರು ಹತ್ತಿದರೆ 280 ಹೋಯಿತು, ಉಳಿದದ್ದು 220. ನನ್ನ ಸಾಮಾನಿಗೆ ಅಲ್ಲಿ ನೂರು ಕೆಜಿ ಕೊರತೆ. ನಾನು ಕೊನೆಗೆ ಕೊಂಡ ವ್ಯಾನಿನ ಮಿತಿ ಸುಮಾರು 2,800, ಖಾಲಿ ತೂಕ 1,970. ಈ ಲೆಕ್ಕವನ್ನು ಬರೆದು ತೋರಿಸಿದ ಮೇಲೆ ಮೆಕ್ಯಾನಿಕ್ ತಮ್ಮ ಸಲಹೆಯನ್ನು ಮತ್ತೆ ಎತ್ತಲಿಲ್ಲ.

ಟೈರುಗಳನ್ನು ಓದುವುದು ಈ ಹುಡುಕಾಟದಲ್ಲಿ ನನಗೆ ಅತಿ ಹೆಚ್ಚು ಹಣ ಉಳಿಸಿದ ಅಭ್ಯಾಸ. ಟೈರಿನ ಮಗ್ಗುಲಲ್ಲಿ ಅಳತೆಯ ನಂತರ ಬರುವ ಭಾರ ಸೂಚ್ಯಂಕ 95 ಎಂದಿದ್ದರೆ ಒಂದು ಟೈರು 690 ಕೆಜಿ ಹೊರಬಲ್ಲದು, 104 ಎಂದಿದ್ದರೆ 900. ಹೊಳೆಯುವಂತೆ ಪಾಲಿಶ್ ಮಾಡಿಟ್ಟಿದ್ದ ಒಂದು ವ್ಯಾನಿಗೆ ಹೊಸ ಟೈರು ಹಾಕಿಸಿದ್ದೇವೆ ಎಂದು ಮಾರುವವರು ಹೆಮ್ಮೆಯಿಂದ ಹೇಳಿದರು. ಬಗ್ಗಿ ನೋಡಿದರೆ ಎಲ್ಲವೂ 95ರ ಕಾರಿನ ಟೈರುಗಳು. ಹಿಂದಿನ ಎರಡೂ ಸೇರಿ ಹೊರುವುದು 1,380, ಆದರೆ ತಗಡಿನಲ್ಲಿ ಹಿಂದಿನ ಆಕ್ಸಲ್ ಮಿತಿ 1,450ರಷ್ಟಿತ್ತು. ಅಂಥ ಗಾಡಿಗೆ ಪೂರ್ತಿ ಹೇರು ಹಾಕಿ ಓಡಿಸುವುದು ಅಪಾಯ. ತಯಾರಿಕೆಯ ದಿನಾಂಕ ಸೂಚಿಸುವ ನಾಲ್ಕು ಅಂಕಿಗಳನ್ನೂ ಓದಬೇಕು. 2317 ಎಂದರೆ 2017ರ 23ನೇ ವಾರ. ಕಿಟಕಿ ಗಾಜುಗಳ ಮೂಲೆಯಲ್ಲಿ ತಯಾರಿಕೆಯ ವರ್ಷ ಸೂಚಿಸುವ ಗುರುತುಗಳನ್ನು ಒಂದಕ್ಕೊಂದು ಹೋಲಿಸಿ ನೋಡುವುದೂ ಇದೇ ಜಾತಿಯ ಕೆಲಸ. ಜಾರುಬಾಗಿಲಿನ ಗಾಜೊಂದು ಮಾತ್ರ ಉಳಿದವುಗಳಿಗಿಂತ ಮೂರು ನಾಲ್ಕು ವರ್ಷ ಹೊಸದಾಗಿದ್ದ ಗಾಡಿಯ ಆ ಬಾಗಿಲ ಕೆಳಗೆ ಕೈಯಾಡಿಸಿದಾಗ ಟಿಂಕರಿಂಗ್ ಮಾಡಿ ಪುಟ್ಟಿ ತುಂಬಿದ ಉಬ್ಬು ಬೆರಳಿಗೆ ಸಿಕ್ಕಿತು.

ಮೂರನೆಯ ಸಾಲಿನ ಸೀಟುಗಳ ವಿಷಯದಲ್ಲಿ ನಾನು ರಾಜಿಯಾಗಲಿಲ್ಲ. ಸರಕು ವ್ಯಾನಿಗೆ ಆಮೇಲೆ ಸೀಟು ಕೂರಿಸಿದ ಗಾಡಿಗಳು ಅಗ್ಗಕ್ಕೆ ಸಿಗುತ್ತವೆ. ನಾನು ನೋಡಿದವುಗಳಲ್ಲಿ ಸೀಟನ್ನು ತೆಳುವಾದ ತಗಡಿನ ನೆಲಕ್ಕೆ ನಾಲ್ಕು ಬೋಲ್ಟ್ ಹಾಕಿ ಬಿಗಿದಿದ್ದರು, ಬೆಲ್ಟಿಗೆ ಸರಿಯಾದ ಆಧಾರವೇ ಇರಲಿಲ್ಲ. ಮಕ್ಕಳು ಕೂರುವ ಜಾಗದಲ್ಲಿ ಇದು ನನಗೆ ಒಪ್ಪಿಗೆಯಿಲ್ಲ. ಬೆಲೆಯಲ್ಲಿ ಕಾಲುಭಾಗ ಇಳಿಸುತ್ತೇವೆ ಎಂದರೂ ಬಿಟ್ಟು ಬಂದೆ. ತಯಾರಕರೇ ಹಳಿಯ ಮೇಲೆ ಕೂರಿಸಿದ, ತೆಗೆದು ಹಾಕಬಹುದಾದ ಸೀಟುಗಳೇ ಬೇಕು. ಆದರೆ ಅವು ಒಂದೊಂದೂ 30-35 ಕೆಜಿ ತೂಗುತ್ತವೆ ಎಂಬುದನ್ನು ನೆನಪಿನಲ್ಲಿಟ್ಟು, ಕೊಳ್ಳುವ ಮೊದಲು ನೀವೇ ಒಮ್ಮೆ ತೆಗೆದು ಮತ್ತೆ ಕೂರಿಸಿ ನೋಡಿ.

ಕಡಿಮೆ ಓಡಿದೆ ಎಂದು ಎಲ್ಲರೂ ಹೊಗಳಿದ ಡೀಸೆಲ್ ಗಾಡಿಯೊಂದನ್ನು ನಾನು ಬಿಟ್ಟದ್ದಕ್ಕೆ ಭಾವನವರು ಬಹಳ ದಿನ ಬೇಸರಪಟ್ಟುಕೊಂಡಿದ್ದರು. ಅದರ ಕಥೆ ಹೀಗೆ. ಡಿಪ್‌ಸ್ಟಿಕ್ ಎಂಬ ಅಳತೆ ಕಡ್ಡಿಯನ್ನು ಎಳೆದಾಗ ಎಂಜಿನ್ ಎಣ್ಣೆ ಮೇಲಿನ ಗೆರೆಗಿಂತ ಮೇಲಿತ್ತು, ಮೂಸಿದರೆ ಡೀಸೆಲ್ ವಾಸನೆ. ಹೊಗೆಯ ಮಸಿ ಹಿಡಿಯುವ ಪರ್ಟಿಕ್ಯುಲೇಟ್ ಫಿಲ್ಟರ್ ಇರುವ ಎಂಜಿನ್ನು ಮಸಿಯನ್ನು ಸುಟ್ಟುಕೊಳ್ಳಲು ಹೊಗೆಯ ಬಿಸಿ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಬೇಕು. ಶಾಲೆ, ಮಾರುಕಟ್ಟೆ ಎಂದು ಸಣ್ಣ ಸಣ್ಣ ಓಡಾಟದಲ್ಲೇ ಇದ್ದರೆ ಆ ಕೆಲಸ ಅರ್ಧಕ್ಕೆ ನಿಂತು, ಅದಕ್ಕಾಗಿ ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್‌ನಲ್ಲಿ ಒಂದಷ್ಟು ಎಣ್ಣೆಗೆ ಇಳಿಯುತ್ತದೆ. ಸ್ಕ್ಯಾನರ್ ಚುಚ್ಚಿದಾಗ ದೋಷ ಸಂಕೇತ ಒಂದೂ ಇರಲಿಲ್ಲ, ಆದರೆ ದೋಷ ಅಳಿಸಿದಾಗ ಮತ್ತೆ ಮೊದಲಿನಿಂದ ಶುರುವಾಗುವ ಸ್ವಯಂಪರೀಕ್ಷೆಗಳ ರೆಡಿನೆಸ್ ಪಟ್ಟಿಯಲ್ಲಿ ಹೆಚ್ಚಿನವು ಅಪೂರ್ಣ ಎಂದು ತೋರಿಸಿದವು, ಅಂದರೆ ಸ್ವಲ್ಪ ಮೊದಲಷ್ಟೇ ಯಾರೋ ದೋಷಗಳನ್ನು ಅಳಿಸಿರುವ ಸಾಧ್ಯತೆ ಹೆಚ್ಚು. ನನ್ನ ವಾರದ ಓಡಾಟವೂ ಬಹುಪಾಲು ಸಣ್ಣದೇ ಆದ್ದರಿಂದ, ಸುಮಾರು ಎರಡು ಪಟ್ಟು ಓಡಿದ್ದರೂ ಸರ್ವಿಸ್ ದಾಖಲೆ ಪೂರ್ತಿಯಿದ್ದ ಪೆಟ್ರೋಲ್ ವ್ಯಾನನ್ನು ಆರಿಸಿಕೊಂಡೆ. ಇಂಧನದ ಖರ್ಚು ನೂರಕ್ಕೆ ಮೂವತ್ತರಷ್ಟು ಹೆಚ್ಚು ಬರುತ್ತದೆ. ವರ್ಷಕ್ಕೆ ಹನ್ನೆರಡು ಸಾವಿರ ಕಿಲೋಮೀಟರ್ ಓಡಿಸುವ ನನಗೆ ಆ ವ್ಯತ್ಯಾಸ, ಫಿಲ್ಟರ್ ಮತ್ತು ಇಂಜೆಕ್ಟರ್ ರಿಪೇರಿಯ ಅಂದಾಜಿನ ಮುಂದೆ ದೊಡ್ಡದಾಗಿ ಕಾಣಲಿಲ್ಲ.

ಹಣದ ವಿಷಯಕ್ಕೆ ಬಂದರೆ, ಕೈಯಲ್ಲಿದ್ದ ಮೊತ್ತದ ಐದರಲ್ಲಿ ಒಂದು ಭಾಗವನ್ನು ಮೊದಲೇ ಬದಿಗಿಟ್ಟು, ಉಳಿದದ್ದರಲ್ಲಿ ಮಾತ್ರ ಗಾಡಿ ಹುಡುಕಿದೆ. ಮೊದಲ ಆರು ತಿಂಗಳಲ್ಲಿ ಆ ಐದನೆಯ ಭಾಗದಲ್ಲಿ ಮುಕ್ಕಾಲು ಖರ್ಚಾಯಿತು. ಟೈಮಿಂಗ್ ಬೆಲ್ಟ್ ಮತ್ತು ವಾಟರ್ ಪಂಪ್ ಒಟ್ಟಿಗೆ, ಹಿಂದಿನ ಶಾಕ್ ಅಬ್ಸಾರ್ಬರ್, ಮುಂದಿನ ಬುಷ್, ಜಾರುಬಾಗಿಲಿನ ರೋಲರ್, ಬ್ರೇಕ್ ಎಣ್ಣೆ; ಇವುಗಳಲ್ಲಿ ಬೆಲ್ಟ್ ಕೆಲಸವೇ ಅರ್ಧ ನುಂಗಿತು. ಮಾತುಕತೆಯಲ್ಲಿ ಕೇಳಿದ ಬೆಲೆಗಿಂತ ನೂರಕ್ಕೆ ಹನ್ನೊಂದು ಹನ್ನೆರಡರಷ್ಟು ಇಳಿಸಿದೆ. ಬೆಲೆ ಮಾತಾಡುವ ಮೊದಲು ಮಾರುವವರನ್ನು ನಾನು ಕೇಳುವ ಎರಡು ಪ್ರಶ್ನೆಗಳಿವೆ. ಅವುಗಳಿಂದಲೇ ನನಗೆ ಮುಂದೆಯೂ ಕೆಲಸವಾಗಬೇಕಿರುವುದರಿಂದ ಇಲ್ಲಿ ಬರೆಯುತ್ತಿಲ್ಲ. ಹೊರಡುವ ಮುನ್ನ ದೂರವಾಣಿಯಲ್ಲಿ, ನಾನು ಬರುವವರೆಗೆ ಎಂಜಿನ್ ಶುರು ಮಾಡಬೇಡಿ ಎಂದು ಕೇಳಿಕೊಳ್ಳುವುದನ್ನಂತೂ ಬಿಡಬೇಡಿ. ತಣ್ಣಗಿರುವ ಎಂಜಿನ್ ಶುರುವಾಗುವ ರೀತಿ ನೋಡಬೇಕಾದ್ದರಿಂದ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ನಾಳೆ ಬರುತ್ತೇನೆ ಎಂದು ಹೇಳಿ ಹಿಂದಿರುಗಿ.

ಕೊಂಡ ಮೇಲೆ ಕೆಲವು ಪ್ರಯೋಗಗಳನ್ನು ಮಾಡಿದೆ. ಹಿಂಭಾಗ ಕುಗ್ಗಬಾರದೆಂದು ಸ್ಪ್ರಿಂಗಿಗೆ ರಬ್ಬರ್ ತುಂಡು ಸೇರಿಸಿದ್ದು ವಿಫಲವಾಯಿತು. ಗಾಡಿ ಖಾಲಿ ಇದ್ದಾಗ ಎತ್ತೆತ್ತಿ ಹಾಕಿ, ಹಿಂದೆ ಕೂತ ಅಮ್ಮನಿಗೆ ಬೆನ್ನು ನೋವು ಬಂತು, ತೆಗೆದುಹಾಕಿದೆ. ಅದರ ಬದಲು ಹೇರು ಹಾಕುವ ದಿನ ಹಿಂದಿನ ಟೈರುಗಳಿಗೆ ತಯಾರಕರು ಪೂರ್ಣ ಭಾರಕ್ಕೆ ಹೇಳಿದಷ್ಟು ಗಾಳಿ ತುಂಬಿ, ಭಾರವಾದ ಪೆಟ್ಟಿಗೆಗಳನ್ನು ಎರಡನೆಯ ಸಾಲಿನ ಬೆನ್ನಿಗೆ ಒತ್ತಿ ಇಟ್ಟದ್ದೇ ಸಾಕಾಯಿತು. ನೆಲಕ್ಕೆ 12 ಮಿಲಿಮೀಟರ್ ಪ್ಲೈವುಡ್ ಹಾಕುವ ಯೋಚನೆಯಿತ್ತು, ಆದರೆ ಅದೇ ಇಪ್ಪತ್ತು ಕೆಜಿ ದಾಟುವುದೆಂದು ಕಂಡು 6 ಮಿಲಿಮೀಟರ್ ಹಲಗೆ ಮತ್ತು ರಬ್ಬರ್ ಚಾಪೆಗೆ ಇಳಿದೆ. ಪೆಟ್ಟಿಗೆಗಳನ್ನು ನೆಲದ ಕಬ್ಬಿಣದ ಕೊಂಡಿಗಳಿಗೆ ರ‍್ಯಾಚೆಟ್ ಪಟ್ಟಿಯಿಂದ ಬಿಗಿಯುತ್ತೇನೆ, ಎರಡನೆಯ ಸಾಲಿನ ಹಿಂದೆ ಬಲೆಯೂ ಇದೆ. ಪಟ್ಟಿಗಳನ್ನು ಅಡ್ಡಹಾಯಿಸುವ ನನ್ನದೇ ಒಂದು ಕ್ರಮವಿದ್ದು, ಜೋರು ಬ್ರೇಕ್ ಹಾಕಿದಾಗಲೂ ಪೆಟ್ಟಿಗೆ ಬೆರಳಗಲದಷ್ಟೂ ಸರಿದಿಲ್ಲ.

ಪೂರ್ತಿ ಹೇರಿ, ನಾಲ್ವರು ಕೂತು ವೇ ಬ್ರಿಡ್ಜ್‌ಗೆ ಮತ್ತೆ ಹೋದಾಗ ಮೂರನೆಯ ಸಾಲು ಮನೆಯಲ್ಲಿದ್ದುದರಿಂದ ಒಟ್ಟು 2,500ರ ಸಮೀಪ ಬಂತು. ಹಿಂದಿನ ಆಕ್ಸಲ್ ಮೇಲೆ 1,300ಕ್ಕೆ ತುಸು ಹೆಚ್ಚು, ಅದರ ಮಿತಿ 1,550. ಅಂದು ಚೀಟಿ ಓದಿದವರು ಭಾವನವರೇ. ಕಳೆದ ತಿಂಗಳು ಅವರೂ ತಮ್ಮ ಅಂಗಡಿಗೆ ಗಾಡಿ ಹುಡುಕಲು ಹೊರಟು, ನನ್ನ ರಟ್ಟಿನ ಚೌಕಟ್ಟನ್ನು ಕೇಳಿದರು. ಅವರ ಸಾಮಾನಿನ ಅಳತೆ ಬೇರೆಯಾದ್ದರಿಂದ ಹೊಸದೊಂದನ್ನು ಕತ್ತರಿಸಿ ಕೊಟ್ಟಿದ್ದೇನೆ.